ಬೆನ್ನ ಹಿಂದಿನ ಸೀಟು

ಕಾಕ್‌ಪಿಟ್ಟಿನಲ್ಲಿ ಇಬ್ಬರು ಪೈಲಟ್‌ಗಳ ಬೆನ್ನ ಹಿಂದೆ ಮೂರನೆಯದೊಂದು ಸೀಟು ಇರುತ್ತದೆ. ಗೋಡೆಗೆ ಮಡಿಚಿಟ್ಟ ಪುಟ್ಟ ಸೀಟು. ಎಳೆದು ಕೂತರೆ ಮಾತ್ರ ಅದು ಸೀಟು. ಎದ್ದ ಕೂಡಲೇ ಅದರ ಸ್ಪ್ರಿಂಗು ಅದನ್ನು ಟಪ್ಪೆಂದು ಗೋಡೆಗೆ ಹೊಡೆದು, ಅಲ್ಲಿ ಯಾರೂ ಕೂತೇ ಇರಲಿಲ್ಲವೇನೋ ಎಂಬಂತೆ ಮಾಡಿಬಿಡುತ್ತದೆ.

ನಾನು ವಿಮಾನ ಹಾರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೆಳಗಿನ ಪೂಜೆ, ಸಂಜೆಯ ಜಪ, ನಡುವೆ ಅಕ್ಕಪಕ್ಕದ ಮಕ್ಕಳಿಗೆ ಅಜ್ಜಿಯ ಕತೆಗಳು, ಇಷ್ಟರಲ್ಲಿ ದಿನ ಸಾಗುತ್ತದೆ. ಮನಸ್ಸು ಬಹುಮಟ್ಟಿಗೆ ತಿಳಿಯಾಗಿದೆ ಎಂದೇ ಹೇಳಬೇಕು. ಆದರೆ ಎಲ್ಲಾದರೂ ಬಾಗಿಲೊಂದು ಟಪ್ಪೆಂದರೆ ಸಾಕು, ನನ್ನ ಎರಡು ಕಿವಿಗಳೂ ಕೆಂಪೇರಿ ಬಿಸಿಯಾಗುತ್ತವೆ. ಚಿಕ್ಕಂದಿನಲ್ಲೇ ಅಜ್ಜಿ ಅದನ್ನು ಕಂಡುಹಿಡಿದಿದ್ದಳು. "ಈ ಹುಡುಗಿ ಸಿಟ್ಟು ಬಾಯಲ್ಲಿಲ್ಲ, ಕಿವೀಲಿದೆ ನೋಡ್ರೇ" ಎಂದು ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಎಲ್ಲರಿಗೂ ತೋರಿಸುತ್ತಿದ್ದಳು.

ಆ ಮಡಿಚುವ ಸೀಟಿಗೆ ಟಿಕೆಟ್ ಇಲ್ಲ. ಕೆಲಸ ಮುಗಿಸಿ ಮನೆಗೆ ಹೊರಟ, ಇಲ್ಲವೇ ಮನೆಯಿಂದ ಕೆಲಸಕ್ಕೆ ಹೊರಟ ಬೇರೆ ಪೈಲಟ್‌ಗಳು ಅದರಲ್ಲಿ ಕೂತು ಬರಬಹುದು. ಅವರು ಅದೇ ಕಂಪನಿಯವರಾಗಿರಬೇಕೆಂದೂ ಇಲ್ಲ. ಆದರೆ ಆ ಸೀಟನ್ನು ಕೊಡುವ ಹಕ್ಕು ಕಂಪನಿಯ ಕಚೇರಿಯಲ್ಲಿ ಕೂತವರಿಗಿಲ್ಲ, ಆ ದಿನ ಎಡಗಡೆ ಕೂತ ಕ್ಯಾಪ್ಟನ್ ಒಬ್ಬರಿಗೇ ಇದೆ. ಹಾಗಾಗಿ ಅದಕ್ಕೊಂದು ಮರ್ಯಾದೆಯ ಕಟ್ಟು ಬೆಳೆದುಬಂದಿದೆ. ಅದನ್ನು ನನಗೆ ಕಲಿಸಿದವರು ಕ್ಯಾಪ್ಟನ್ ಮಾರ್ಕಂಡಯ್ಯ.

ನಾನಾಗ ಬಲಗಡೆಯ ಸೀಟಿನ ಹೊಸ ಪೈಲಟ್, ಅವರು ನಮಗೆಲ್ಲ ತರಬೇತಿ ಕೊಡುವ ಹಿರಿಯರು. ಒಮ್ಮೆ ಅವರ ವಿಮಾನದಲ್ಲಿ ಊರಿಗೆ ಬರಬೇಕಾಗಿತ್ತು. ಮೆಟ್ಟಿಲು ಹತ್ತಿ ಒಳಗೆ ಹೋದೆ. ಅವರು ಏನೋ ಬರೆಯುತ್ತಿದ್ದರು. ತೊಂದರೆ ಕೊಡುವುದೇಕೆಂದು ಪಕ್ಕದ ಸಹಪೈಲಟ್‌ನನ್ನು ಕೇಳಿ, ಸೀಟು ಎಳೆದು ಕೂತೆ. ಮಾರ್ಕಂಡಯ್ಯನವರು ತಲೆ ಎತ್ತಲಿಲ್ಲ.

"ಕೆಳಗಿಳಿದು ಮತ್ತೆ ಹತ್ತು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬರೆಯುವುದನ್ನು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಆಮೇಲೆ ವಿವರಿಸಿದರು. ಟಿಕೆಟ್ ಇಲ್ಲದೆ ಬರುವವನು ಅತಿಥಿ. ಅತಿಥಿ ಹೊಸ್ತಿಲಲ್ಲಿ ನಿಲ್ಲಬೇಕು, ಹೆಸರು ಹೇಳಬೇಕು, ಮನೆಯ ಯಜಮಾನರನ್ನು 'ನಿಮ್ಮ ಜೊತೆ ಬರಬಹುದೇ' ಎಂದು ಕೇಳಬೇಕು. ಅದು ಮೊದಲನೆಯದು. ಕೂತ ಮೇಲೆ ಕೈ ಮಡಿಲಲ್ಲಿರಬೇಕು. ಯಾವ ಗುಂಡಿಯನ್ನೂ ಮುಟ್ಟಕೂಡದು, ವಿಮಾನ ಮೇಲೇರಿ ಸಮವಾಗುವವರೆಗೆ ಬಾಯಿ ಬಿಡಕೂಡದು, ಅಪಾಯ ಕಂಡರೆ ಮಾತ್ರ ಹೇಳಬೇಕು. ಅದು ಎರಡನೆಯದು. ಮೂರನೆಯದೊಂದನ್ನೂ ಹೇಳಿದರು. ಅದು ಈ ಕತೆಯಲ್ಲಿ ತನ್ನ ಜಾಗಕ್ಕೆ ತಾನೇ ಬರುತ್ತದೆ.

ಪ್ರಯಾಣಿಕರು ಹತ್ತುತ್ತಿದ್ದರು. ಅವರ ಎದುರಿಗೇ ನಾನು ಮೆಟ್ಟಿಲಿಳಿದು ಹೋಗಿ, ಮತ್ತೆ ಹತ್ತಿ ಬಂದು, ಹೊಸ್ತಿಲಲ್ಲಿ ನಿಂತು ಕೇಳಿದೆ. "ಬಾಮ್ಮ, ಕೂತ್ಕೋ" ಎಂದು ನಕ್ಕರು. ನಾನೂ ನಕ್ಕೆ. ಆಗ ಅದು ನನಗೆ ಅವಮಾನ ಎನ್ನಿಸಿರಲಿಲ್ಲ, ಗುರುವಿನ ಕೈಯಿಂದ ಬಿದ್ದ ಪೆಟ್ಟು ಎಂದುಕೊಂಡಿದ್ದೆ.

ಅವಮಾನವಾದದ್ದು ಆಮೇಲೆ. ನಾನು ಕ್ಯಾಪ್ಟನ್ ಆಗಲು ಪರೀಕ್ಷೆ ಕೊಟ್ಟ ವರ್ಷ, ಆ ಮಡಿಚುವ ಸೀಟಿನಲ್ಲಿ ಕೂತು ಮೂರು ದಿನ ನನ್ನನ್ನು ನೋಡಿದವರು ಇದೇ ಮಾರ್ಕಂಡಯ್ಯ. ಒಂದು ತಪ್ಪನ್ನೂ ಬಾಯಿಬಿಟ್ಟು ಹೇಳಲಿಲ್ಲ. ವರದಿಯಲ್ಲಿ ಮಾತ್ರ ಬರೆದರು: ಕೈ ಚೆನ್ನಾಗಿದೆ, ಮನಸ್ಸು ಸ್ಥಿರವಾಗಿಲ್ಲ, ಎಡಗಡೆಯ ಸೀಟಿಗೆ ಇನ್ನೂ ಕಾಲ ಬಂದಿಲ್ಲ.

ನನ್ನ ಮನಸ್ಸನ್ನು ಅವರು ಎಲ್ಲಿ ಕಂಡರು? ಆ ಮೂರು ದಿನ ನಾನು ಒಂದು ಏರು ಮಾತನ್ನೂ ಆಡಿರಲಿಲ್ಲ. ನೆಲದಿಂದ ರೇಡಿಯೋದಲ್ಲಿ ಯಾರೋ ತಪ್ಪು ಹೇಳಿದಾಗಲೂ ದನಿ ಎತ್ತಿರಲಿಲ್ಲ. ಅಷ್ಟೊಂದು ಬಿಗಿಹಿಡಿದು ಕೂತಿದ್ದೆ. ಆ ಒಂದು ಸಾಲಿನಿಂದಾಗಿ ನಾನು ಇನ್ನೂ ನಾಲ್ಕು ವರ್ಷ ಬಲಗಡೆಯೇ ಕೂತೆ. ನನ್ನ ನಂತರ ಬಂದವರು ನನ್ನೆದುರಿಗೇ ಎಡಕ್ಕೆ ಹೋದರು. ಪ್ರತಿ ಸೋಮವಾರ ಶಿವನ ಮುಂದೆ ಕೂತು ಸಿಟ್ಟು ಹೋಗಲೆಂದು ಬೇಡುತ್ತಿದ್ದೆ. ಬೇಡುವಾಗಲೂ ಕಿವಿ ಬಿಸಿಯಾಗಿರುತ್ತಿತ್ತು.

ಕೊನೆಗೆ ಎಡಗಡೆಯ ಸೀಟು ಬಂತು. ಬಂದ ಎರಡನೆಯ ವರ್ಷ, ಆ ಮಧ್ಯಾಹ್ನ.

ಸಣ್ಣ ಊರು, ಸಣ್ಣ ನಿಲ್ದಾಣ. ವಿಮಾನದ ಬಾಗಿಲೇ ಕೆಳಕ್ಕೆ ತೆರೆದುಕೊಂಡು ಏಳು ಮೆಟ್ಟಿಲಾಗುವಂಥ ಚಿಕ್ಕ ವಿಮಾನ. ಹೊರಡಲು ಇಪ್ಪತ್ತು ನಿಮಿಷವಿತ್ತು. ನಿಲ್ದಾಣದ ಗ್ರೇಸಿ ಎಂಬಾಕೆ ಪ್ರಯಾಣಿಕರ ಪಟ್ಟಿ ಹಿಡಿದು ಬಂದಳು. ಎಲ್ಲ ಸೀಟುಗಳೂ ಭರ್ತಿ, ಒಬ್ಬ ಪೈಲಟ್ ಅತಿಥಿ ಇದ್ದಾರೆ, ಹೆಸರು ಮಾರ್ಕಂಡಯ್ಯ ಎಂದಳು. ಪಾಪ, ಮರುದಿನ ಬೆಳಿಗ್ಗೆ ಅವರು ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕಂತೆ. ವಯಸ್ಸಾದ ಪೈಲಟ್‌ಗಳಿಗೆ ಅದು ಕಡೆಯ ಅವಕಾಶವಂತೆ. ತಪ್ಪಿದರೆ ಲೈಸೆನ್ಸು ಅಲ್ಲಿಗೆ ಮುಗಿಯಿತಂತೆ. ಆ ದಿನ ಅಲ್ಲಿಂದ ಹೊರಡುವ ಕೊನೆಯ ವಿಮಾನ ನಮ್ಮದು. ರಸ್ತೆಯ ದಾರಿ ಹಿಡಿದರೆ ಎರಡು ದಿನ.

"ಬರಲಿ. ಬಂದು ಕೇಳಲಿ" ಎಂದೆ.

ಸತ್ಯ ಹೇಳುತ್ತೇನೆ, ಕರೆದುಕೊಂಡು ಹೋಗಬಾರದೆಂಬ ಯೋಚನೆ ನನಗಿರಲಿಲ್ಲ. ಅವರು ಹೊಸ್ತಿಲಲ್ಲಿ ನಿಂತು ಆ ಒಂದು ವಾಕ್ಯವನ್ನು ನನಗೆ ಹೇಳಬೇಕಿತ್ತು, ಅಷ್ಟೆ. ಆಮೇಲೆ ನನ್ನ ಬೆನ್ನ ಹಿಂದೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ನಾನು ವಿಮಾನವನ್ನು ಹೇಗೆ ಇಳಿಸುತ್ತೇನೆಂದು ನೋಡಬೇಕಿತ್ತು. ಆರು ವರ್ಷದಿಂದ ನಾನು ಕಾಯುತ್ತಿದ್ದುದು ಅದಕ್ಕೇ ಎಂದು ಆ ಗಳಿಗೆಯಲ್ಲಿ ತಿಳಿಯಿತು.

ಅವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಾಗದದ ಪೊಟ್ಟಣ. ಅತಿಥಿಯಾಗಿ ಬರುವವರು ಸಿಬ್ಬಂದಿಗೆ ಏನಾದರೂ ತಿನ್ನುವುದನ್ನು ತರುವುದು ವಾಡಿಕೆ. ಕಡಲೆಮಿಠಾಯಿ ಇರಬೇಕು, ಬೆಲ್ಲದ ವಾಸನೆ ಅವರಿಗಿಂತ ಮೊದಲೇ ಒಳಗೆ ಬಂತು. ಮುದುಕರಾಗಿದ್ದರು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತರು. ನಾನು ತಿರುಗಿ ನೋಡಿದೆ.

"ಏನಮ್ಮಾ, ಕೊನೆಗೂ ಎಡಗಡೆ ಕೂತೆ" ಎಂದರು.

ಆಮೇಲೆ ನನ್ನ ಸಹಪೈಲಟ್ ಸುಹೇಲ್‌ನ ಕಡೆ ತಿರುಗಿ, "ತೂಕದ ಲೆಕ್ಕದಲ್ಲಿ ನನ್ನದೊಂದು ಸೇರಿಸ್ಕೋಪ್ಪ" ಎಂದು ಸೀಟು ಎಳೆದು ಕೂತರು.

ಸುಹೇಲ್ ಒಳ್ಳೆಯ ಹುಡುಗ. ಅವನ ಪೆನ್ಸಿಲ್ ಕಾಗದದ ಮೇಲೆಯೇ ನಿಂತಿತು, ಕಣ್ಣು ನನ್ನ ಕಡೆ ಬಂತು. ನಾನು ಮುಂದೆ ನೋಡುತ್ತಿದ್ದೆ. ಗಾಜಿನಾಚೆ ಬಿಸಿಲಿಗೆ ರನ್‌ವೇ ನೀರಿನ ಹಾಗೆ ನಡುಗುತ್ತಿತ್ತು.

"ಸರ್, ಕೆಳಗಿಳಿದು ಮತ್ತೆ ಹತ್ತಿ" ಎಂದೆ.

ದನಿ ಎತ್ತಿರಲಿಲ್ಲ. ಬಾಗಿಲ ಬಳಿಯ ಗಗನಸಖಿ ಕೇಳಿಸಿಕೊಂಡು ತಲೆ ತಗ್ಗಿಸಿದಳು. ಮೊದಲ ಸಾಲಿನ ಪ್ರಯಾಣಿಕನೊಬ್ಬ ಕತ್ತು ಚಾಚಿದ. ಹಿಂದೆ ಬೆಲ್ಟಿನ ಸದ್ದಾಯಿತು. ಅವರು ಎದ್ದು, ಸೀಟು ಮಡಿಚಿಕೊಳ್ಳದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಪೊಟ್ಟಣವನ್ನು ಅದರ ಮೇಲಿಟ್ಟು, ಮೇಲಿಂದ ಬೆಲ್ಟನ್ನು ಬಿಗಿದರು. ಮತ್ತೆ ಬರುವವರು ಜಾಗಕ್ಕೆ ಗುರುತಿಟ್ಟು ಹೋಗುವ ಹಾಗೆ. ಆಮೇಲೆ ಮೆಟ್ಟಿಲಿಳಿದು ಹೋದರು.

ಪಕ್ಕದ ಕಿಟಕಿಯಿಂದ ಬಗ್ಗಿದರೆ ಮೆಟ್ಟಿಲ ಬುಡ ಕಾಣುತ್ತಿತ್ತು. ಅವರು ಕೊನೆಯ ಮೆಟ್ಟಿಲಿಳಿದು ನಿಂತರು. ನಾನು ಕಾದೆ. ಅವರು ಹತ್ತಲಿಲ್ಲ. ವಿಮಾನದ ಚಕ್ರ ನೋಡಿದರು, ರೆಕ್ಕೆ ನೋಡಿದರು, ಎಷ್ಟೋ ವರ್ಷದ ಅಭ್ಯಾಸದಿಂದ ಅಂಗೈಯನ್ನು ಅದರ ಹೊಟ್ಟೆಗೆ ಒಮ್ಮೆ ಆನಿಸಿದರು. ಏಳು ಮೆಟ್ಟಿಲು, ಒಂದು ವಾಕ್ಯ. ಅಷ್ಟು ಸಾಕಿತ್ತು. ನಾನು 'ಬನ್ನಿ ಸರ್' ಎಂದು ಎದ್ದು ನಿಲ್ಲುತ್ತಿದ್ದೆ. ನಿಲ್ಲುತ್ತಿದ್ದೆನೆಂದೇ ಇವತ್ತಿಗೂ ನಂಬಿದ್ದೇನೆ.

"ಮೇಡಂ, ಐದು ನಿಮಿಷ" ಎಂದ ಸುಹೇಲ್.

ಮಾರ್ಕಂಡಯ್ಯನವರು ಗ್ರೇಸಿಯನ್ನು ಹತ್ತಿರ ಕರೆದು ಏನೋ ಹೇಳಿದರು. ಅವಳು ಮೆಟ್ಟಿಲು ಹತ್ತಿ ಬಂದು, ಹೊಸ್ತಿಲಲ್ಲಿ ನಿಂತು, ಪಟ್ಟಿಯಲ್ಲಿದ್ದ ಅವರ ಹೆಸರಿನ ಮೇಲೆ ಬೆರಳಿಟ್ಟು ಹೇಳಿದಳು.

"ಅವರು ಬರಲ್ಲವಂತೆ ಮೇಡಂ. 'ನನ್ನನ್ನ ಬೆನ್ನಿಗೆ ಕೂರಿಸ್ಕೊಂಡು ಆಯಮ್ಮ ಇವತ್ತು ಹಾರಿಸೋದು ಬೇಡ, ಬಾಗಿಲು ಹಾಕ್ಕೊಳ್ಳಿ' ಅಂದ್ರು."

ಮೂರನೆಯದು ಅದು. ಕ್ಯಾಪ್ಟನ್‌ನ ಮನಸ್ಸು ತನ್ನಿಂದ ಕದಡಿತೆಂದು ಕಂಡರೆ, ಅತಿಥಿ ಯಾರೂ ಹೇಳುವ ಮೊದಲೇ ಇಳಿದುಬಿಡಬೇಕು, ಎಷ್ಟೇ ದೊಡ್ಡ ಕೆಲಸವಿರಲಿ. ಹಿಂದೆ ಕೂತ ನಲವತ್ತು ಜನ ಅತಿಥಿಗಿಂತ ದೊಡ್ಡವರು. ಅಂದು ಪೆನ್ನಿನ ಮುಚ್ಚಳ ತಿರುಗಿಸುತ್ತ ಅವರು ಹೇಳಿದ್ದು ಅದೇ.

ಓದುವವರಿಗೆ ಇದು ದೊಡ್ಡತನವೆಂದು ತೋರಬಹುದು. ನನಗೆ ಹಾಗೆ ತೋರಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಮೊದಲನೆಯ ಕಟ್ಟನ್ನು ನನ್ನ ಮುಖದ ಮೇಲೇ ಮುರಿದವರು, ಮೂರನೆಯದನ್ನು ಮಾತ್ರ ಅಕ್ಷರ ತಪ್ಪದೆ ಪಾಲಿಸುತ್ತಿದ್ದರು. ಕೇಳಬೇಕಾದುದನ್ನು ಕೇಳಲು ಅವರ ನಾಲಿಗೆ ಏಳಲಿಲ್ಲ, ಬಿಟ್ಟುಕೊಡಲು ಎದ್ದಿತು. ನನ್ನ ವಿಮಾನದಲ್ಲಿ, ನನ್ನ ಸೀಟಿನಲ್ಲಿ ನಾನು ಕೂತಿರುವಾಗ, ನಾನು ಹಾರಲು ಸ್ಥಿರವಾಗಿದ್ದೇನೋ ಇಲ್ಲವೋ ಎಂದು ಮತ್ತೊಮ್ಮೆ ಅವರೇ ತೀರ್ಮಾನಿಸಿದ್ದರು. ಕೆಳಗೆ, ಬಿಸಿಲಲ್ಲಿ ನಿಂತು ಎರಡನೆಯ ವರದಿ ಬರೆದಿದ್ದರು.

"ನಾನು ಹೋಗಿ ಕರೀಲಾ ಮೇಡಂ?" ಸುಹೇಲ್ ಮೆಲ್ಲಗೆ ಕೇಳಿದ. "ಹಿರಿಯರು. ನಾನು ಕರೆದ್ರೆ ಬಂದಾರು."

"ಬಾಗಿಲು ಹಾಕ್ಸು" ಎಂದೆ.

ಆ ಮಾತು ನನ್ನದು. ಅದನ್ನು ಇನ್ನೊಬ್ಬರ ಮೇಲೆ ಹೊರಿಸಲಾರೆ. ದೇವರ ಮುಂದೆಯೂ ಹೊರಿಸಿಲ್ಲ.

ಮೆಟ್ಟಿಲು ಮೇಲೆದ್ದು ಬಾಗಿಲಾಯಿತು. ಎಂಜಿನ್ನುಗಳು ತಿರುಗಿದವು. ನಾವು ಹೊರಳುವಾಗ ಅವರು ನಿಲ್ದಾಣದ ಸೂರಿನಡಿ ನಿಂತಿದ್ದರು. ಕೈ ಬೀಸಲಿಲ್ಲ. ಎರಡು ಕೈಯನ್ನೂ ಹೊಟ್ಟೆಯ ಮುಂದೆ ಒಂದರ ಮೇಲೊಂದು ಇಟ್ಟುಕೊಂಡಿದ್ದರು, ಕೂತಾಗ ಮಡಿಲಲ್ಲಿ ಇಡಬೇಕಾದ ಹಾಗೇ.

ದಾರಿಯುದ್ದಕ್ಕೂ ಆ ಪೊಟ್ಟಣ ನನ್ನ ಬೆನ್ನ ಹಿಂದೆ ಬೆಲ್ಟು ಕಟ್ಟಿಕೊಂಡು ಕೂತಿತ್ತು. ಬೆಲ್ಲದ ವಾಸನೆ ಹೋಗಲಿಲ್ಲ. ನಾನು ಮಾಡಬೇಕಾದುದೆಲ್ಲವನ್ನೂ ಒಂದೂ ಬಿಡದೆ ಮಾಡಿದೆ, ಓದಬೇಕಾದುದನ್ನು ದನಿ ನಡುಗದೆ ಓದಿದೆ. ಮನಸ್ಸಿನಲ್ಲಿ ಪಂಚಾಕ್ಷರಿ ಹೇಳಿಕೊಳ್ಳಲು ನೋಡಿದೆ, ಅದರ ಜಾಗದಲ್ಲಿ 'ನೋಡಿ, ನೋಡಿ' ಎಂಬ ಮಾತೇ ಬರುತ್ತಿತ್ತು. ಅಡ್ಡಗಾಳಿ ಜೋರಾಗಿತ್ತು. ಆ ಗಾಳಿಯಲ್ಲಿ ನಾನು ವಿಮಾನವನ್ನು ಇಳಿಸಿದ ಹಾಗೆ ಅದಕ್ಕೆ ಮೊದಲೂ ಇಳಿಸಿರಲಿಲ್ಲ, ಆಮೇಲೂ ಇಳಿಸಲಿಲ್ಲ. ತೊಟ್ಟಿಲಲ್ಲಿ ಕೂಸನ್ನು ಮಲಗಿಸಿದಂತೆ ಚಕ್ರಗಳು ನೆಲ ಸೇರಿದವು.

"ತಾಕಿದ್ದೇ ಗೊತ್ತಾಗ್ಲಿಲ್ಲ ಮೇಡಂ" ಎಂದ ಸುಹೇಲ್.

ನೋಡಬೇಕಾದವರು ನೋಡಲಿಲ್ಲ.

ಮಾರ್ಕಂಡಯ್ಯನವರು ಮಂಡಳಿಯ ಮುಂದೆ ಹೋಗಲಾಗಲಿಲ್ಲ. ಲೈಸೆನ್ಸು ಮುಗಿಯಿತು. ಮತ್ತೆ ಹಾರಲಿಲ್ಲ. ಯಾಕೆ ತಪ್ಪಿಸಿಕೊಂಡಿರಿ ಎಂದು ಕೇಳಿದವರಿಗೆಲ್ಲ 'ವಿಮಾನ ಸಿಗಲಿಲ್ಲ' ಎಂದಷ್ಟೇ ಹೇಳುತ್ತಿದ್ದರಂತೆ. ನನ್ನ ಹೆಸರನ್ನು ಎಲ್ಲೂ ಎತ್ತಲಿಲ್ಲವಂತೆ. ಅದಕ್ಕೂ ನನಗೆ ಸಿಟ್ಟೇ ಬಂತು. ನನ್ನನ್ನು ಬೈದಿದ್ದರೆ ನಾನು ಉತ್ತರ ಕೊಡಬಹುದಿತ್ತು. ಒಂದು ಕಾಗದ ಬರೆಯಲು ಎಷ್ಟೋ ಸಲ ಕೂತೆ. 'ನೀವು ಕೇಳಬೇಕಿತ್ತು' ಎಂದು ಬರೆಯುತ್ತಿದ್ದೆ, ಅದರ ಕೆಳಗೆ 'ನಾನು ಕರೆಯಬೇಕಿತ್ತು' ಎಂದು ಬರೆಯುವ ಹೊತ್ತಿಗೆ ಕೈ ನಿಲ್ಲುತ್ತಿತ್ತು. ಅವರು ತೀರಿಕೊಂಡ ಸುದ್ದಿ ಬಂದ ದಿನ ಸ್ನಾನ ಮಾಡಿ ದೀಪ ಹಚ್ಚಿದೆ. ದೀಪದ ಮುಂದೆಯೂ ನಾನು ಕೇಳಿದ್ದು ಕ್ಷಮೆಯಲ್ಲ. ಏಳೇ ಮೆಟ್ಟಿಲಲ್ಲವೇ ಸರ್, ಯಾಕೆ ಹತ್ತಲಿಲ್ಲ ಎಂದು ಕೇಳಿದೆ.

ಆದರೆ ಕತೆಯನ್ನು ಮುಗಿಸಬೇಕಾದದ್ದು ಆ ಸಂಜೆಯಲ್ಲೇ. ಪ್ರಯಾಣಿಕರೆಲ್ಲ ಇಳಿದು ಹೋಗಿದ್ದರು. ಸುಹೇಲ್ ತನ್ನ ಜಾಗದಲ್ಲಿ ಕೂತು ಕೊನೆಯ ಕಾಗದಗಳನ್ನು ತುಂಬುತ್ತಿದ್ದ. ನಾನು ಎದ್ದು, ಹಿಂದಿನ ಸೀಟಿನ ಬೆಲ್ಟು ಬಿಚ್ಚಿ, ಪೊಟ್ಟಣವನ್ನು ಕೈಗೆತ್ತಿಕೊಂಡೆ. ಅನ್ನವನ್ನೂ ಬೆಲ್ಲವನ್ನೂ ಎಸೆಯಬಾರದೆಂದು ಬೆಳೆದವಳು ನಾನು. ಬಿಚ್ಚುವುದಕ್ಕೂ ಮನಸ್ಸು ಒಪ್ಪಲಿಲ್ಲ. ಏನು ಮಾಡಬೇಕೆಂದು ತೋಚದೆ, ಅದನ್ನು ಮಡಿಲಲ್ಲಿಟ್ಟುಕೊಂಡು ಆ ಸೀಟಿನಲ್ಲೇ ಕೂತೆ, ಪರೀಕ್ಷೆಯ ಮೂರು ದಿನ ಅವರು ನನ್ನ ಹಿಂದೆ ಕೂತಿದ್ದ ಹಾಗೆ. ಅಲ್ಲಿಂದ ನನ್ನ ಖಾಲಿ ಸೀಟು ಕಾಣುತ್ತಿತ್ತು. ಅದರ ಪಕ್ಕದಲ್ಲಿ ಸುಹೇಲ್‌ನ ಬೆನ್ನು, ಬರೆಯುತ್ತಿರುವ ಕೈ, ಕತ್ತು. ಮುಖ ಕಾಣುವುದಿಲ್ಲ.

"ಅಲ್ಲಿಂದ ಏನು ಕಾಣುತ್ತೆ ಮೇಡಂ?" ಅವನು ತಿರುಗದೆಯೇ ಕೇಳಿದ.

"ನಿನ್ನ ಕಿವಿ" ಎಂದೆ.

ಅವನು ನಕ್ಕು ತನ್ನ ಕಿವಿಯನ್ನು ಮುಟ್ಟಿಕೊಂಡ. "ನಿಮ್ಮದು ಇವತ್ತು ಕೆಂಡದ ಹಾಗಿತ್ತು. ಇಳಿಯೋವರೆಗೂ. ಹೇಳೋಕೆ ಧೈರ್ಯ ಬರ್ಲಿಲ್ಲ."

ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆನೆಂದು ತೋರುತ್ತದೆ. ಗಾಜಿನಾಚೆ ಬಿಸಿಲು ರನ್‌ವೇಯ ತುದಿಗೆ ಹೋಗಿ, ಅಲ್ಲಿಂದಲೂ ಇಳಿಯಿತು. ಸುಹೇಲ್ ಕಾಗದಗಳನ್ನು ಕಟ್ಟಿಟ್ಟು, ಹೊಸ್ತಿಲಲ್ಲಿ ನಿಂತು ನನಗಾಗಿ ಕಾದ. ನಾನು ಪೊಟ್ಟಣ ಹಿಡಿದು ಎದ್ದೆ. ಬೆನ್ನ ಹಿಂದೆ ಸೀಟು ಟಪ್ಪೆಂದು ಗೋಡೆ ಸೇರಿತು.