ಹದಿನಾರು ಗುಂಡಿಯ ಪೆಟ್ಟಿಗೆ

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮಿತ್ಸುಯೊಗೆ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಿಡಿಯಿತು. ಒಸಾಕಾದ ನಮ್ಮ ಓಣಿಯಲ್ಲಿ ಅವಳೂ ಗಂಡ ಯಾಸುಜಿಯೂ ಮೂವತ್ತು ವರ್ಷದಿಂದ ಒಕೊನೊಮಿಯಾಕಿ ಎಂಬ ಎಲೆಕೋಸಿನ ದಪ್ಪ ದೋಸೆಯ ಅಂಗಡಿ ನಡೆಸುತ್ತಿದ್ದರು. ಎಲೆಕೋಸು ಹೆಚ್ಚುವುದು ಅವಳ ಕೆಲಸ. ಕಾದ ಕಬ್ಬಿಣದ ಹಂಚಿನ ಮೇಲೆ ಹಿಟ್ಟು ಹರಡಿ, ಎರಡೂ ಕೈಯಲ್ಲಿ ಸಟ್ಟುಗ ಹಿಡಿದು ಮಗುಚಿ ಹಾಕುವುದು ಅವನ ಕೆಲಸ. ಆ ಟಕಟಕ, ಠಣಠಣ ಕೇಳಿ ಕೇಳಿ ಅವಳ ತಲೆಯೊಳಗೆ ಒಂದು ತಾಳ ಕೂತುಬಿಟ್ಟಿತ್ತು. ಅದನ್ನು ಹೊರಗೆ ತರಬೇಕು, ಅಷ್ಟೇ ಅವಳ ಆಸೆ.

ಗಂಡನಿಗೆ ಹೇಳಲು ನಾಚಿಕೆ. ಹನ್ನೆರಡು ವರ್ಷದವಳಿದ್ದಾಗ ಶಾಲೆಯ ಸಮೂಹಗಾನದ ಸ್ಪರ್ಧೆಗೆ ಮುಂಚೆ ಟೀಚರಮ್ಮ ಅವಳನ್ನು ಪಕ್ಕಕ್ಕೆ ಕರೆದು, ನೀನು ಬಾಯಿ ಮಾತ್ರ ಆಡಿಸು, ದನಿ ತೆಗೆಯಬೇಡ ಎಂದಿದ್ದರು. ಆ ಮಹಾತಾಯಿಯ ಮಾತನ್ನು ಇವಳು ನಲವತ್ತೇಳು ವರ್ಷ ಚಾಚೂ ತಪ್ಪದೆ ಪಾಲಿಸಿದ್ದಳು.

ಬುಧವಾರ ಅಂಗಡಿಗೆ ರಜೆ. ಹಲ್ಲುನೋವಿನ ನೆಪ ಹೇಳಿ ಅವಳು ನಿಪ್ಪೊನ್‌ಬಾಶಿಯಲ್ಲಿ ತರುಮಿ ಎಂಬವರು ನಡೆಸುವ ಹಳೆಯ ವಾದ್ಯಗಳ ಅಂಗಡಿಗೆ ಹೋದಳು. ಮೀನಾದರೆ ಕಣ್ಣು ನೋಡಿ ಆರಿಸಬಹುದು, ಇಲ್ಲಿ ಪ್ರತಿಯೊಂದು ಪೆಟ್ಟಿಗೆಯೂ ದೀಪ ಮಿನುಗಿಸಿ ಕರೆಯುತ್ತಿತ್ತು. ಒಂದಕ್ಕೆ ಕೀಬೋರ್ಡ್ ಇತ್ತು, ಇವಳಿಗೆ ನುಡಿಸಲು ಬಾರದು. ಇನ್ನೊಂದಕ್ಕೆ ಮೈತುಂಬ ವೈರು, ಮತ್ತೊಂದಕ್ಕೆ ಕಂಪ್ಯೂಟರ್ ಬೇಕು. ಇಂಟರ್‌ನೆಟ್ಟಿನ ಪಂಡಿತರಲ್ಲಿ ಒಬ್ಬ ಮೊದಲು ದೊಡ್ಡ ಸ್ಪೀಕರ್ ತಗೊಳ್ಳಿ ಎಂದರೆ, ಇನ್ನೊಬ್ಬ ಮೊದಲು ಕೋಣೆಯ ಗೋಡೆ ಸರಿಮಾಡಿಸಿ ಎನ್ನುತ್ತಿದ್ದ. ಅಂಗಡಿಯ ಹಿಂದೆಯೇ ಇದ್ದ ಇವರ ಮನೆಯ ಗೋಡೆಯೋ, ಪಕ್ಕದ ಮನೆಯ ಅಜ್ಜ ಸೀನಿದರೆ ಇವರು ಮೂಗು ಒರೆಸಿಕೊಳ್ಳಬೇಕು, ಅಷ್ಟು ತೆಳು.

ಕೊನೆಗೆ ಕಣ್ಣಿಗೆ ಬಿದ್ದದ್ದು ಬೂದು ಬಣ್ಣದ ಒಂದು ಪೆಟ್ಟಿಗೆ. ಮೇಲೆ ಹದಿನಾರು ರಬ್ಬರ್ ಗುಂಡಿ, ಪಕ್ಕದಲ್ಲಿ ಅಂಗೈಯಗಲದ ಸ್ಪೀಕರ್. ಗುಂಡಿ ತಟ್ಟಿದರೆ ಡ್ರಮ್ಮಿನ ಸದ್ದು, ತಟ್ಟಿದ್ದೆಲ್ಲ ಒಳಗೇ ಉಳಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡು ನಿಧಾನವಾಗಿ ನೋಡಿ ಎಂದರು ತರುಮಿ. ಅವಳು ನಿಧಾನವಾಗಿಯೇ ನೋಡಿದಳು, ಒಂಬತ್ತು ಬುಧವಾರ ನೋಡಿದಳು. ಗಿರಾಕಿಯನ್ನು ಎದ್ದು ಹೋಗಿ ಎನ್ನುವ ಪದ್ಧತಿ ಅಲ್ಲಿಲ್ಲ. ಎರಡನೆಯ ವಾರ ಸ್ಟೂಲು ಬಂತು, ನಾಲ್ಕನೆಯ ವಾರ ಬಾರ್ಲಿ ಚಹಾ, ಏಳನೆಯ ವಾರ ಕೂರಲು ಮೆತ್ತೆ. ತರುಮಿಯವರು ಮನಸ್ಸಿನಲ್ಲಿ ಏನೆಂದುಕೊಂಡರೋ, ಮುಖದಲ್ಲಿ ಮಾತ್ರ ನಗು ಕದಲಲಿಲ್ಲ. ಒಂಬತ್ತನೆಯ ಬುಧವಾರ ತಾಳ ಪೂರ್ತಿಯಾಯಿತು. ಅವಳು ಹುಟ್ಟಿದ ಮೇಲೆ ಅವಳದೇ ಅನ್ನುವ ಮೊದಲ ಸದ್ದು ಅದು.

ಅತ್ತ ಯಾಸುಜಿ ಪ್ರತಿ ಬುಧವಾರ ಹೆಂಡತಿಯ ಹಲ್ಲಿಗೆಂದು ಅಕ್ಕಿ ಗಂಜಿ ಬೇಯಿಸಿಡುತ್ತಿದ್ದ. ಅವಳು ಪಾಪಪ್ರಜ್ಞೆಯಿಂದ ಕುಡಿಯುತ್ತಿದ್ದಳು.

ಹತ್ತನೆಯ ಬುಧವಾರ ಹಣ ಹಿಡಿದು, ಧೈರ್ಯ ಮಾಡಿ ಹೋದಳು. ಪೆಟ್ಟಿಗೆಯಿದ್ದ ಜಾಗ ಖಾಲಿ. ತರುಮಿಯವರು ಸೊಂಟದವರೆಗೂ ಬಾಗಿದರು. ನಿನ್ನೆ ಯಾರೋ ಒಬ್ಬರು ಕೊಂಡುಹೋದರಂತೆ. ಒಬ್ಬರು ನುಡಿಸಿದ್ದನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ಒಳಗಿದ್ದದ್ದನ್ನೆಲ್ಲ ನಿಯಮದ ಪ್ರಕಾರ ಅಳಿಸಿಯೇ ಕೊಟ್ಟರಂತೆ. ಮಿತ್ಸುಯೊ ಇಷ್ಟು ದಿನದ ಚಹಾಕ್ಕೆ ಉಪಕಾರವಾಯಿತೆಂದು ತಾನೂ ಬಾಗಿ, ಅಳುವನ್ನು ರೈಲಿನವರೆಗೆ ತಡೆದುಕೊಂಡಳು.

ಮನೆಗೆ ಬಂದರೆ ಮೇಜಿನ ಮೇಲೆ ಗಂಜಿ. ಗಂಜಿಯ ಪಕ್ಕ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು.

ಹಲ್ಲಿನ ಡಾಕ್ಟರನ್ನು ಕಂಡುಬಂದೆ ಎಂದ ಯಾಸುಜಿ, ಅವಳ ಮುಖ ನೋಡದೆ. ನೀನು ಅಲ್ಲಿಗೆ ಹೋಗಿ ಎರಡು ವರ್ಷವಾಯಿತಂತೆ. ಅದು ತಿಳಿದ ಮೇಲೆ, ಹೋದ ವಾರ ಅವನು ಅವಳ ಹಿಂದೆಯೇ ಹೋಗಿ, ಅಂಗಡಿಯ ಗಾಜಿನಾಚೆ ನಿಂತು ಎಲ್ಲ ನೋಡಿದ್ದ. ಗಂಟು ಬಿಚ್ಚಿದರೆ ಅದೇ ಬೂದು ಪೆಟ್ಟಿಗೆ, ಮೂಲೆಯಲ್ಲಿ ಅದೇ ಗೀರು. ಒಳಗೆ ಮಾತ್ರ ಏನೂ ಇಲ್ಲ.

"ರೀ, ಇದ್ರೊಳಗೆ ನಂದೊಂದು ತಾಳ ಇತ್ತು."

ಯಾಸುಜಿಯ ಮುಖ ಬಿಳಿಚಿತು. "ಅದು ನಿಂದಾ? ಅಳಿಸೋ ಮುಂಚೆ ಅಂಗಡಿಯವ್ರು ಕೇಳಿಸಿದ್ರು ಕಣೇ. ನೀನು ಸುಮ್ನೆ ಗುಂಡಿ ಒತ್ತಿ ನೋಡ್ತಿದ್ದೀಯ ಅಂದ್ಕೊಂಡಿದ್ದೆ. ಯಾವ್ದೋ ಹಳೇ ಓನರ್‌ದು ಇರ್ಬೇಕು, ಹೆಂಡ್ತಿಗೆ ಕೊಡೋದು, ಇನ್ನೊಬ್ಬರ ಎಂಜಲು ಯಾಕೆ, ಚೆನ್ನಾಗಿ ಅಳಿಸಿ ಅಂತ ನಾನೇ ಹೇಳ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಗಂಜಿಯನ್ನು ಮುಟ್ಟದೆ ಹೋಗಿ ಮುಸುಕೆಳೆದು ಮಲಗಿದಳು.

ಮರುದಿನ ಅಂಗಡಿ ತೆರೆದರು. ಮೊದಲ ಗಿರಾಕಿ ಬಂದು ಕೂತ. ಮಿತ್ಸುಯೊ ಊದಿಕೊಂಡ ಮುಖದಲ್ಲಿ ಎಲೆಕೋಸು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ಹಂಚಿನ ಮೇಲೆ ಗಂಡನ ಸಟ್ಟುಗಗಳು ಟಕ, ಟಕ, ಠಣ್, ಟಕಟಕ ಎನ್ನುತ್ತಿದ್ದವು. ಅದು ಅವಳದೇ ತಾಳ. ಎಲ್ಲಿ ಕಲಿತಿರಿ ಎಂದು ಕೇಳಿದಳು.

"ಎಲ್ಲೂ ಕಲೀಲಿಲ್ಲ. ಆ ಅಂಗಡೀಲಿ ಕೇಳಿದ್ದು, ಹಾಳಾದ್ದು, ತಲೆ ಬಿಟ್ಟು ಹೋಗ್ತಾನೇ ಇಲ್ಲ."

ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಓಡಿಹೋಗಿ ಪೆಟ್ಟಿಗೆ ತಂದು ಎಲೆಕೋಸಿನ ಪಕ್ಕದಲ್ಲಿಟ್ಟಳು. "ಮೂರನೇ ಏಟು ತಪ್ಪು. ಇನ್ನೊಂದ್ಸಲ ಹೊಡೀರಿ."

ಅವನು ಹೊಡೆದ, ಅವಳು ತಟ್ಟಿದಳು. ಗಿರಾಕಿಯ ಒಕೊನೊಮಿಯಾಕಿ ತಳ ಹಿಡಿದು ಕರಕಲಾಯಿತು, ಪಾಪ, ಅವನು ಅದನ್ನೇ ತಿಂದು ಮುಗಿಸಿದ. ಹೆಡ್‌ಫೋನ್ ಹಾಕಿಕೊಳ್ಳಬೇಕೆಂಬುದು ಮಿತ್ಸುಯೊಗೆ ನೆನಪೇ ಆಗಲಿಲ್ಲ, ದನಿಯನ್ನು ಪೂರ್ತಿ ಏರಿಸಿಬಿಟ್ಟಳು. ಪಕ್ಕದ ಮನೆಯ ಅಜ್ಜ ಆಚೆಯಿಂದ ಗೋಡೆ ಗುದ್ದಿದರು. ತಾಳಕ್ಕೆ ಸರಿಯಾಗಿಯೇ ಗುದ್ದಿದರು ಎಂದು ಅವಳು ಇವತ್ತಿಗೂ ಹೇಳುತ್ತಾಳೆ.