ಬಿದ್ದವನಿಗೆ ಕೊಟ್ಟ ಕೈ

ಬೆಳಿಗ್ಗೆ 8.50ಕ್ಕೆ ಗಂಗಾವತಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇಬ್ಬರು ಹುಲಗಪ್ಪನ ದಾರಿ ಕಟ್ಟಿ ನಿಂತರು. ಅದು 2008ರ ಫೆಬ್ರುವರಿಯ ಒಂದು ಮಂಗಳವಾರ. ಹುಲಗಪ್ಪನ ಜೊತೆ ಹೆಂಡತಿ ಅಂಜಲಿ ಇದ್ದಳು. ಅವನ ಅಂಗಿಯ ಜೇಬಿನಲ್ಲಿ ಕೊಪ್ಪಳದ ನ್ಯಾಯಾಲಯದಿಂದ ಬಂದ ಸಮನ್ಸ್ ಇತ್ತು. ಹನ್ನೊಂದಕ್ಕೆ ಅಲ್ಲಿ ಹಾಜರಿರಬೇಕಿತ್ತು. ಬಸ್ 9.10ಕ್ಕೆ.

ಹುಲಗಪ್ಪನಿಗೆ ಮೂವತ್ತಾರು ವರ್ಷ. ಗಂಗಾವತಿ ಹತ್ತಿರದ ಶ್ರೀರಾಮನಗರದ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುವ ಹಮಾಲಿ. ಹದಿನಾಲ್ಕನೆಯ ವಯಸ್ಸಿನಿಂದ ಗರಡಿ ಮನೆಗೆ ಹೋದವನು. ಕಣಕ್ಕಿಳಿದ ಮೂವತ್ತು ಕುಸ್ತಿಗಳಲ್ಲಿ ಇಪ್ಪತ್ತಮೂರು ಗೆದ್ದಿದ್ದ. ಹಿಂದಿನ ವರ್ಷ ಅವನ ಜೊತೆ ದುಡಿಯುತ್ತಿದ್ದ ಜಾಕೀರ, ಕೊಪ್ಪಳದ ಹೊರಗೆ ಗೋದಾಮೊಂದರ ಮುಂದೆ, ಹಿಮ್ಮುಖವಾಗಿ ಬಂದ ಲಾರಿಯ ಕೆಳಗೆ ಸಿಕ್ಕು ಸತ್ತಿದ್ದ. ಅವನು ಕುಡಿದು ಚಕ್ರದ ಬಳಿ ಮಲಗಿದ್ದ ಎಂಬುದು ಲಾರಿ ಕಡೆಯವರ ವಾದ. ಅವನು ನಿಂತುಕೊಂಡು ಚೀಲದ ಬಾಯಿ ಹೊಲಿಯುತ್ತಿದ್ದುದನ್ನು ಕಂಡವನು ಹುಲಗಪ್ಪ ಒಬ್ಬನೇ.

ಸಮನ್ಸ್ ಕೈಗೆ ಬಂದ ಮರುದಿನದಿಂದ ಅವರ ಮನೆಯ ಮುಂದೆ ಒಂದು ಬೈಕ್ ನಿಧಾನವಾಗಿ ಹಾದುಹೋಗತೊಡಗಿತು. ಬೈಕಿನವನು ಮಾತಾಡುತ್ತಿರಲಿಲ್ಲ. ಅಂಜಲಿ ನೀರಿಗೆ ಹೋದಲ್ಲಿಯೂ ಅದೇ ಬೈಕ್ ನಿಂತಿರುತ್ತಿತ್ತು. ಸಾಕ್ಷಿ ಹೇಳಬೇಡ ಎಂದು ಅವಳು ಗಂಡನಿಗೆ ಹೇಳಲಿಲ್ಲ. ಮಲಗುವ ಮುಂಚೆ ಬಾಗಿಲಿಗೆ ಜೋಳದ ಚೀಲ ಒತ್ತಿ ಇಡಲು ಶುರುಮಾಡಿದಳು, ಅಷ್ಟೆ.

ನಿಜವಾದ ಹೊಡೆದಾಟದಲ್ಲಿ ಕುಸ್ತಿಯ ಪಟ್ಟುಗಳು ನಡೆಯುತ್ತವೆಯೇ ಎಂದು ಚಹಾದಂಗಡಿಯಲ್ಲಿ ಹುಲಗಪ್ಪನನ್ನು ಎಷ್ಟೋ ಜನ ಕೇಳಿದ್ದರು. ಅವನು ನಕ್ಕು ಚಹಾ ಮುಗಿಸಿ ಏಳುತ್ತಿದ್ದ. ಉತ್ತರ ಅವನಿಗೆ ಗೊತ್ತಿರಲಿಲ್ಲ. ಗರಡಿಯ ಹೊರಗೆ ಅವನು ಯಾರ ಮೈಮೇಲೂ ಕೈ ಹಾಕಿರಲಿಲ್ಲ. ಕೊಪ್ಪಳಕ್ಕೆ ಹೊರಡುವ ಎರಡು ದಿನ ಮುಂಚೆ, ಭಾನುವಾರ, ಅದೇ ಪ್ರಶ್ನೆಯನ್ನು ಅವನೇ ತನಗೆ ಕುಸ್ತಿ ಕಲಿಸಿದ ವಸ್ತಾದ ಮಕ್ಬುಲಸಾಬರ ಮುಂದೆ ಇಟ್ಟ. ಮುದುಕರು ಗರಡಿಯ ಕೆಂಪು ಮಣ್ಣನ್ನು ಕೈಯಿಂದ ಸಮ ಮಾಡುತ್ತ ಕೂತಿದ್ದರು.

“ಇಲ್ಲಿ ಮಣ್ಣಿಗೆ ಎಣ್ಣಿ ಹಾಕೇವಿ, ಮಜ್ಜಿಗಿ ಹಾಕೇವಿ. ರೋಡಿಗೆ ಯಾರು ಹಾಕ್ಯಾರಪಾ?” ಎಂದರು. “ಇಲ್ಲಿ ಎದುರಿಗೆ ಒಬ್ಬಾವ ಇರ್ತಾನ. ಅಲ್ಲಿ ಬೆನ್ನಹಿಂದ ಎಷ್ಟು ಮಂದಿ ಅದಾರ ಅಂತ ತಿಳಿಯೂದಿಲ್ಲ. ಓಡಿಬಿಡು. ಪೈಲ್ವಾನ ಓಡಿದ ಅಂತ ನಗೋರು ನಗಲಿ.”

ಓಡಲು ಆಗಲಿಲ್ಲ. ನಿಲ್ದಾಣದ ಮುಂಬಾಗಿಲಲ್ಲಿ ಆ ಬೈಕ್ ನಿಂತಿದ್ದುದನ್ನು ಕಂಡೇ ಗಂಡ ಹೆಂಡತಿ ಗಲ್ಲಿಗೆ ತಿರುಗಿದ್ದರು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಇನ್ನೂ ತೆರೆಯದ ಅಂಗಡಿಗಳು. ಓಡಿದರೆ ಅಂಜಲಿ ಹಿಂದೆ ಉಳಿಯುತ್ತಿದ್ದಳು.

ಎದುರಿಗಿದ್ದವರಲ್ಲಿ ಒಬ್ಬನ ಹೆಸರು ಹುಲಗಪ್ಪನಿಗೆ ಗೊತ್ತಿತ್ತು. ಲಾರಿ ಮಾಲೀಕನ ಕೆಲಸಗಳನ್ನು ನೋಡಿಕೊಳ್ಳುವ ವೆಂಕೋಬ. ಇನ್ನೊಬ್ಬ ನೀಲಿ ಅಂಗಿಯವನು, ಬೈಕ್ ಓಡಿಸುತ್ತಿದ್ದವನು. ಅವನ ಬಲಗೈ ಬೆನ್ನ ಹಿಂದಿತ್ತು.

“ಎಲ್ಲಿಗೆ ಹೊಂಟಿ ಪೈಲ್ವಾನ? ಹೆಂಡತಿನ್ನೂ ಕರ್ಕೊಂಡು ಕುಸ್ತಿಗೆ ಹೊಂಟಿಯೇನು?” ಎಂದ ವೆಂಕೋಬ.

“ಕೊಪ್ಪಳಕ್ಕರಿ. ದಾರಿ ಬಿಡ್ರಿ ಅಣ್ಣಾರ.”

“ಮನಿಗೆ ಹೋಗು. ನೀ ಏನೂ ನೋಡಿಲ್ಲ. ಅಷ್ಟ.”

ಕುಸ್ತಿಗೆ ಮುಂಚೆ ಹುಲಗಪ್ಪನಿಗೆ ಪ್ರತಿ ಸಲವೂ ಭಯವಾಗುತ್ತಿತ್ತು. ಅದು ಸೋಲಿನ ಭಯ. ಇದು ಬೇರೆ. ನೀಲಿ ಅಂಗಿಯವನ ಆ ಕಾಣದ ಬಲಗೈಯಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ.

ವೆಂಕೋಬ ಮುಂದೆ ಬಂದು ಸಮನ್ಸ್ ಇದ್ದ ಜೇಬಿಗೆ ಕೈ ಹಾಕಿದ. ಹುಲಗಪ್ಪ ಅವನ ತೋಳು ಹಿಡಿದ. ತೋಳಿನ ಬದಲು ಅಂಗಿಯ ಬಟ್ಟೆ ಕೈಗೆ ಬಂತು, ಹೊಲಿಗೆ ಬಿಚ್ಚಿ ಹರಿಯಿತು. ಗರಡಿಯಲ್ಲಿ ಯಾರೂ ಅಂಗಿ ತೊಡುವುದಿಲ್ಲ. ಬಟ್ಟೆ ಹಿಡಿದು ಅವನಿಗೆ ಅಭ್ಯಾಸವೇ ಇರಲಿಲ್ಲ. ಎರಡನೆಯ ಸಲ ಮಣಿಕಟ್ಟು ಸಿಕ್ಕಿತು. ಆಮೇಲಿನದನ್ನು ಮೈ ತಾನಾಗಿ ಮಾಡಿತು: ಬೆನ್ನು ತಿರುಗಿಸಿ, ಸೊಂಟ ತಗ್ಗಿಸಿ, ಎದುರಾಳಿಯನ್ನು ಹೆಗಲ ಮೇಲಿಂದ ಒಗೆಯುವ ಬಟ್ಟೆಯಂತೆ ನೆಲಕ್ಕೆ ಹಾಕುವ ಪಟ್ಟು.

ಕಾಂಕ್ರೀಟಿಗೆ ಬೆನ್ನು ಬಡಿದ ಸದ್ದು ಗರಡಿಯ ಸದ್ದಿನಂತಿರಲಿಲ್ಲ. ವೆಂಕೋಬ ಅಲುಗಾಡಲಿಲ್ಲ. ಸತ್ತೇಹೋದನೇನೋ ಎಂದುಕೊಂಡ ಹುಲಗಪ್ಪ. ಸ್ವಲ್ಪ ಹೊತ್ತಿಗೆ ವೆಂಕೋಬ ಕಣ್ಣು ಬಿಟ್ಟು ಉಸಿರೆಳೆದುಕೊಂಡ.

ಗರಡಿಯಲ್ಲಿ ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್. ಕುಸ್ತಿ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಗೆದ್ದವನು ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಬೇಕು. ಎಬ್ಬಿಸದೆ ಬೆನ್ನು ತಿರುಗಿಸಿದವನನ್ನು ಮಕ್ಬುಲಸಾಬರು ತಿಂಗಳುಗಟ್ಟಲೆ ಗರಡಿಯ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಇಪ್ಪತ್ತಮೂರು ಸಲ ಮಾಡಿದ್ದನ್ನೇ ಹುಲಗಪ್ಪ ಮಾಡಿದ. ಬಗ್ಗಿ ಬಲಗೈ ಚಾಚಿದ.

ವೆಂಕೋಬ ಎರಡೂ ಕೈಯಿಂದ ಆ ಕೈಯನ್ನು ಭದ್ರವಾಗಿ ಹಿಡಿದುಕೊಂಡ. “ಹೊಡಿ,” ಎಂದ.

ನೀಲಿ ಅಂಗಿಯವನ ಬಲಗೈಯಲ್ಲಿದ್ದುದು ಕಬ್ಬಿಣದ ರಾಡು. ಮೊದಲ ಏಟು ಎಡಗಡೆಯ ಮೊಣಕಾಲಿಗೆ ಬಿತ್ತು. ಎರಡನೆಯದೂ ಅಲ್ಲಿಗೇ. ಎದುರಿನ ಅಂಗಡಿಯ ಶಟರ್ ಒಂದು ಗೇಣು ಮೇಲೆದ್ದು, ಒಳಗೆ ಯಾರದೋ ಎರಡು ಪಾದ ಕಂಡು, ಮತ್ತೆ ಕೆಳಗಿಳಿಯಿತು. ಅಂಜಲಿ ಆ ಶಟರನ್ನು ಅಂಗೈಯಿಂದ ಬಡಿದಳು.

“ಇನ್ನೊಂದು ಕಾಲು ಐತಿ ನಿನಗ,” ಎಂದು ವೆಂಕೋಬ ಎದ್ದ. ಸೊಂಟ ಹಿಡಿದುಕೊಂಡೇ ಹೋದ. ಇಬ್ಬರೂ ಓಡಲಿಲ್ಲ, ನಡೆದುಕೊಂಡು ಹೋದರು.

ಅಂಜಲಿ ಮೊಣಕಾಲಿಗೆ ಟವೆಲ್ ಬಿಗಿದು, ದವಾಖಾನೆಗೆ ಹೋಗೋಣ ಎಂದಳು.

“ಅಲ್ಲಿಗೂ ಬರ್ತಾರ. ಬಸ್ಸಿನ್ಯಾಗ ಮಂದಿ ಇರ್ತಾರ, ಕೋರ್ಟಿನ್ಯಾಗ ಪೊಲೀಸರು ಇರ್ತಾರ,” ಎಂದ ಹುಲಗಪ್ಪ. “ಬಸ್ಸಿಗೆ ನಡಿ.”

ಹೆಂಡತಿಯ ಹೆಗಲ ಮೇಲೆ ಭಾರ ಹಾಕಿ ಅವನು ಬಸ್ ಹತ್ತಿದಾಗ ಕಂಡಕ್ಟರ್ ಸೀಟಿ ಊದಲು ಸಿದ್ಧನಾಗಿದ್ದ. ಬಸ್ ಹೊರಟು ನಿಲ್ದಾಣದ ಬಾಗಿಲಲ್ಲಿ ಒಂದು ಕ್ಷಣ ನಿಂತಿತು. ನೀಲಿ ಅಂಗಿಯವನು ಹತ್ತಿದ. ಅವರ ಹಿಂದೆ ಎರಡು ಸೀಟು ಬಿಟ್ಟು ಕೂತು, ಕೊಪ್ಪಳಕ್ಕೆ ಒಂದು ಟಿಕೆಟ್ ಕೇಳಿದ. ಕೈ ಬರಿದಾಗಿತ್ತು. ಅಂಜಲಿ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಅವನು ಕೆಮ್ಮಿದಾಗಲೆಲ್ಲ ಗಂಡನ ಮಣಿಕಟ್ಟು ಹಿಡಿಯುತ್ತಿದ್ದಳು. ಒಂದೂವರೆ ತಾಸಿನಲ್ಲಿ ಅವನು ಒಂಬತ್ತು ಸಲ ಕೆಮ್ಮಿದ.

ನ್ಯಾಯಾಲಯದ ಬೆಂಚಿನ ಮೇಲೆ ಜಾಕೀರನ ಹೆಂಡತಿ ಇರ್ಫಾನಾ ಮೊದಲೇ ಬಂದು ಕೂತಿದ್ದಳು. ಊದಿದ ಕಾಲನ್ನು ನೋಡಿ, ಏನಾಯಿತೆಂದು ಕೇಳದೆ, ಸರಿದು ಜಾಗ ಕೊಟ್ಟಳು. ನೀಲಿ ಅಂಗಿ ಬಾಗಿಲ ಬಳಿ ನಿಂತಿತು. 11.40ಕ್ಕೆ ಜವಾನ ಮೂರು ಸಲ ಹೆಸರು ಕೂಗಿದ. ಸಾಕ್ಷಿ ಕಟಕಟೆಗೆ ಇದ್ದ ಒಂದೇ ಮೆಟ್ಟಿಲು ಹತ್ತಲು ಹುಲಗಪ್ಪ ಬಹಳ ಹೊತ್ತು ತೆಗೆದುಕೊಂಡ. ಕಾಲಿಗೆ ಏನಾಗಿದೆ ಎಂದು ನ್ಯಾಯಾಧೀಶರು ಕೇಳಿದರು.

ಹುಲಗಪ್ಪ ಬಾಗಿಲ ಕಡೆ ನೋಡಿದ. ಆಮೇಲೆ ಇಬ್ಬರು ದಾರಿ ಕಟ್ಟಿದ್ದನ್ನು ಹೇಳಿ, ಅವರಲ್ಲೊಬ್ಬ ಅಲ್ಲಿ ನಿಂತಿದ್ದಾನೆ ಎಂದು ಕೈ ತೋರಿಸಿದ. ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಬಾಗಿಲು ಖಾಲಿಯಿತ್ತು.

ಇಷ್ಟು ದೊಡ್ಡ ಪೈಲ್ವಾನನಿಗೂ ಹೆದರಿಕೆಯೇ ಎಂದು ಲಾರಿ ಕಡೆಯ ವಕೀಲರು ನಕ್ಕರು.

“ಭಾಳ ಅಂಜಿಕಿ ಐತ್ರಿ ಸಾಹೇಬ್ರ,” ಎಂದ ಹುಲಗಪ್ಪ. “ಆದ್ರ ಜಾಕೀರ ಮಲಗಿರಲಿಲ್ಲ. ನಿಂತಿದ್ದ.”

ಹೇಳಿಕೆ ಮುಗಿದಾಗ 12.50. ಮಧ್ಯಾಹ್ನ ತೆಗೆಸಿದ ಎಕ್ಸರೇಯಲ್ಲಿ ಮೊಣಕಾಲಿನ ಚಿಪ್ಪು ಎರಡು ಕಡೆ ಬಿರುಕು ಬಿಟ್ಟಿದ್ದು ಕಂಡಿತು. ಆ ಸಂಜೆ ಇಬ್ಬರೂ ಶ್ರೀರಾಮನಗರಕ್ಕೆ ಮರಳಲಿಲ್ಲ. ಅಂಜಲಿಯ ಅಕ್ಕನ ಮನೆಯಿರುವ ಯಲಬುರ್ಗಾದ ಬಸ್ ಹತ್ತಿದರು.