ಹುಚ್ಚು ನೇರಳೆ

ಪಿರಿಯಾಪಟ್ಟಣದ ತಂಬಾಕು ಮಾರುಕಟ್ಟೆ ದಾಟಿದರೆ ಪುಟ್ಟಮಲ್ಲಪ್ಪನ ಪೇಂಟಿಂಗ್ ಶೆಡ್ಡು. ಜೀಪು, ಟ್ರ್ಯಾಕ್ಟರುಗಳೇ ಬರುವ ಆ ಶೆಡ್ಡಿಗೆ ಈ ಸಲ ಬಂದು ನಿಂತದ್ದು 1970ರ ಅಮೆರಿಕದ ಕಾರು, ಡಾಜ್ ಚಾಲೆಂಜರ್. ಕೊಪ್ಪದ ಗೌತಮಿಯ ತಂದೆ ಮುದ್ದಿನಿಂದ ಇಟ್ಟುಕೊಂಡಿದ್ದ ಕಾರು. ಅವರು ತೀರಿಕೊಂಡ ಮೇಲೆ ಬಣ್ಣವೆಲ್ಲ ಸುಲಿದುಹೋಗಿತ್ತು. ಕಾರ್ಖಾನೆಯಿಂದ ಬಂದಾಗ ಇದ್ದ ಬಣ್ಣವೇ ಬೇಕೆಂದು ಮಗಳ ಹಟ. ಆ ಬಣ್ಣದ ಹೆಸರು ‘ಪ್ಲಮ್ ಕ್ರೇಜಿ’.

“ಅಂಗಂದ್ರೆ ಏನವ್ವಾ?” ಎಂದು ಪುಟ್ಟಮಲ್ಲಪ್ಪ ಕೇಳಿದ್ದ.

“ಪ್ಲಮ್ ಅಂದ್ರೆ ನಮ್ ನೇರಳೆ ಬಣ್ಣದ ಒಂದು ಹಣ್ಣು. ಕ್ರೇಜಿ ಅಂದ್ರೆ ಹುಚ್ಚು.”

“ಹುಚ್ಚು ನೇರಳೆ ಅನ್ನಿ. ಬಣ್ಣಕ್ಕೂ ಹುಚ್ಚು ಹಿಡಿಸವ್ರಲ್ಲ, ಭಲೇ ಜನ ಕಣವ್ವ.”

ಡಿಕ್ಕಿಯ ಒಳಗೆ, ಬಿಸಿಲು ತಾಗದ ಕಡೆ, ಹಳೇ ಬಣ್ಣ ಹಾಗೇ ಉಳಿದಿತ್ತು. ಅದನ್ನು ನೋಡಿಕೊಂಡು ಇವತ್ತು ಮುದುಕ ಕೆಂಪು, ನೀಲಿ, ಬೆಳ್ಳಿ ಪುಡಿ ಕಲಸಿದ. ಒಂದು ತೊಟ್ಟು ಹೆಬ್ಬೆರಳ ಉಗುರಿಗೆ ಹಚ್ಚಿ ಡಿಕ್ಕಿಯೊಳಗೆ ಹಿಡಿದ. ಅವನ ಶೆಡ್ಡಿನಲ್ಲಿ ಬಣ್ಣದ ಪರೀಕ್ಷೆ ಎಂದರೆ ಅಷ್ಟೇ.

“ಒಂದೇ ಆಯ್ತು,” ಎಂದ.

ಮಗ ಮಲ್ಲೇಶ ಬಗ್ಗಿ ನೋಡಿದ. ಒಂದೇ ಆಗಿರಲಿಲ್ಲ. ಉಗುರಿನ ಮೇಲಿದ್ದದ್ದು ಕಡುನೀಲಿ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ ಎಂಬ ಅನುಮಾನ ಅವನಿಗೆ ಮೊದಲೇ ಇತ್ತು. ನೀಲಿ ಕಾಣದೆ, ಸಾಲದೆಂದು ಸುರಿದೇ ಸುರಿದಿದ್ದಾನೆ. ಈಗ ಹೇಳಿದರೆ, ಹುಣಸೂರಿನಿಂದ ಹೆಗ್ಗಡದೇವನ ಕೋಟೆಯವರೆಗೂ ಹೆಸರಾದ ಕಣ್ಣು ಹೋಯಿತೆಂದು ಗಿರಾಕಿಯ ಮುಂದೆಯೇ ಸಾರಿದಂತೆ. ಹೇಳದಿದ್ದರೆ ಕಾರು ಕೆಟ್ಟಿತು.

“ನಮ್ಮಪ್ಪ ಇದ್ದಿದ್ರೆ ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿರೋರು,” ಎಂದಳು ಬಾಗಿಲಲ್ಲಿ ನಿಂತಿದ್ದ ಗೌತಮಿ.

ಪುಟ್ಟಮಲ್ಲಪ್ಪ ಸ್ಪ್ರೇ ಗನ್ನಿಗೆ ಬಣ್ಣ ತುಂಬಿ, ಮೂಗಿಗೆ ಬಟ್ಟೆ ಕಟ್ಟಿದ. ಬಟ್ಟೆ ಕಟ್ಟಿದ ಮೇಲೆ ಅವನನ್ನು ಯಾರೂ ಮಾತಾಡಿಸುವಂತಿಲ್ಲ. ಅದು ಶೆಡ್ಡಿನ ಕಟ್ಟಳೆ. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಸದ್ದು ಮಾಡತೊಡಗಿತು.

“ಅಪ್ಪಾ, ವಸಿ ತಡಿ.”

ಮುದುಕ ತಿರುಗಲಿಲ್ಲ. ಕಾರಿನ ಬಾಗಿಲಿನ ತಗಡಿಗೆ ಗನ್ನು ಹಿಡಿದು ನಿಂತ. ಮಲ್ಲೇಶ ಗೋಡೆಯತ್ತ ಸರಿದು ಸ್ವಿಚ್ ಆರಿಸಿದ. ಕಂಪ್ರೆಸರ್ ಸದ್ದಡಗಿತು.

“ಕರೆಂಟ್ ಹೋಯ್ತು ಕಣಪ್ಪ.”

ಎದುರಿನ ಹಿಟ್ಟಿನ ಗಿರಣಿ ಗಡಗಡ ಓಡುತ್ತಲೇ ಇತ್ತು.

ಪುಟ್ಟಮಲ್ಲಪ್ಪ ಅದನ್ನೇ ಕೇಳುತ್ತಾ ನಿಂತ. ಆಮೇಲೆ ಬಟ್ಟೆ ಇಳಿಸಿ, ಬಿಸಿಲಿಗೆ ಹೋಗಿ, ಹೆಬ್ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

“ಎಷ್ಟ್ ಹೆಚ್ಚಾಗದೆ?”

“ಏನು?”

“ನೀಲಿ ಕಣ್ಲಾ.”

ಮಲ್ಲೇಶ ಗೌತಮಿಯ ಕಡೆ ನೋಡಿ, “ಬಾಳ,” ಎಂದ ಮೆಲ್ಲಗೆ.

“ಏನಾಯ್ತು ಪುಟ್ಟಮಲ್ಲಪ್ಪನೋರೆ?”

“ಏನಿಲ್ಲ ಕಣವ್ವ. ಹುಚ್ಚು ವಸಿ ಹೆಚ್ಚಾಗದೆ. ಕೈ ಇನ್ನೂ ಗಟ್ಟಿಯಾಗದೆ, ಹೊಡೆಯೋದು ನಾನೇ. ಬಣ್ಣ ನೋಡೋದು ಇವತ್ತಿಂದ ನನ್ ಮಗ.”

ಗನ್ನಿನ ಬಣ್ಣ ಡಬ್ಬಿಗೆ ಸುರಿದು ಕಲಸುವ ಕಡ್ಡಿಯನ್ನು ಮಗನ ಕೈಗಿಟ್ಟ. ಮಲ್ಲೇಶ ಕಲಸಿ ತನ್ನ ಉಗುರಿಗೆ ಹಚ್ಚಿ ಡಿಕ್ಕಿಯೊಳಗೆ ಹಿಡಿದ.

“ಒಂದೇ ಆಯ್ತಾ?” ಅಪ್ಪ ಕೇಳಿದ.

“ಇಲ್ಲ. ಇನ್ನೂ ಕೆಂಪು ಬೇಕು.”

ಪುಟ್ಟಮಲ್ಲಪ್ಪ ಬಗ್ಗಿ ನೋಡಲು ಹೋಗಲಿಲ್ಲ. ಕೆಂಪಿನ ಡಬ್ಬಿ ಎತ್ತಿಕೊಟ್ಟ.